ಎಡ ಹಿಂಚಕ್ರದ ಜಾತಕ

ಕಾರಿನ ಅಲಾಯ್ ವೀಲ್ ಫುಟ್‌ಪಾತಿನ ಅಂಚುಗಲ್ಲಿಗೆ ಉಜ್ಜಿದಾಗ ಏಳುವ ಪ್ರಶ್ನೆಗಳನ್ನು ಇಷ್ಟು ಕಾಲ ಮೆಕ್ಯಾನಿಕ್‌ಗಳ ವಿವೇಚನೆಗೆ ಬಿಟ್ಟಿದ್ದು ನಮ್ಮ ವಿದ್ವತ್ ವಲಯದ ದೊಡ್ಡ ಲೋಪ. ಈ ವಿಷಯದಲ್ಲಿ ಅಧಿಕೃತವಾಗಿ ಮಾತಾಡಬಲ್ಲವರು ಬೆಂಗಳೂರಿನಲ್ಲಿ ಬೆರಳೆಣಿಕೆಯಷ್ಟು. ಅವರಲ್ಲಿ ನಾನೂ ಒಬ್ಬ. ನನಗೆ ಕಾರು ಓಡಿಸಲು ಬರುವುದಿಲ್ಲವೆಂದು ಕೆಲವರು ತಕರಾರು ತೆಗೆಯುತ್ತಾರೆ. ಅದೇ ನನ್ನ ಅರ್ಹತೆ. ನಾನು ನಡೆಯುವವನು. ಕಾಲಿಡುವ ಜಾಗ ನೋಡಿಕೊಂಡೇ ಹೆಜ್ಜೆ ಹಾಕಬೇಕಾದ ಊರಿನಲ್ಲಿ ನಡೆಯುವವನ ಕಣ್ಣು ಸದಾ ಚಕ್ರದ ಮಟ್ಟದಲ್ಲೇ ಇರುತ್ತದೆ. ಕಾರಿನೊಳಗೆ ಕುಳಿತವರಿಗೆ ತಮ್ಮ ಚಕ್ರ ಕಾಣುವುದೇ ಇಲ್ಲ.

ಮೊದಲು ವಸ್ತು ವಿಚಾರ. ಚಕ್ರ ಅಲ್ಯೂಮಿನಿಯಮ್ಮಿನದು, ಜೊತೆಗೆ ಶೇಕಡಾ 7ರಷ್ಟು ಸಿಲಿಕಾನ್, ಚೂರು ಮೆಗ್ನೀಷಿಯಂ. ಎದುರಿಗಿರುವುದು ಗ್ರಾನೈಟ್, ಹೊಸ ರಸ್ತೆಯಾದರೆ ಸಿಮೆಂಟ್ ಬ್ಲಾಕು. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಗ್ರಾನೈಟಿನೊಳಗಿನ ಬೆಣಚುಕಲ್ಲಿಗೆ 7 ಅಂಕ. ಅಲ್ಯೂಮಿನಿಯಂ 3ನ್ನೂ ಮುಟ್ಟುವುದಿಲ್ಲ. ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅಲ್ಯೂಮಿನಿಯಂ ಎಂಬ ಲೋಹವನ್ನು ಮನುಷ್ಯ ಬೇರ್ಪಡಿಸಿ ನೋಡಿದ್ದೇ 1825ರಲ್ಲಿ. ಇಂಥ ಕಲ್ಲಿನ ಊರಿನಲ್ಲಿ ನಿನ್ನೆ ಮೊನ್ನೆ ಬಂದ ಲೋಹ ಪಾರ್ಕಿಂಗ್ ಜಾಗಕ್ಕಾಗಿ ಪೈಪೋಟಿಗೆ ಇಳಿದರೆ ಫಲಿತಾಂಶ ಏನೆಂದು ಹೇಳಲು ತಜ್ಞರೂ ಬೇಕಾಗಿಲ್ಲ. ಆದರೂ ಕರೆದಿದ್ದೀರಿ, ಮುಂದುವರಿಯುತ್ತೇನೆ.

1924ರ ಲಿಯಾನ್ ರೇಸಿನಲ್ಲಿ ಬುಗಾಟಿ ಟೈಪ್ 35 ಕಾರು ಅಲ್ಯೂಮಿನಿಯಂ ಎರಕದ ಚಕ್ರ ತೊಟ್ಟು ಇಳಿದದ್ದಕ್ಕೆ ಕಾರಣವಿತ್ತು. ಚಕ್ರ ಹಗುರವಾದರೆ ಕಾರು ಚುರುಕು. ಬ್ರೇಕಿನ ಬಿಸಿಯೂ ಬೇಗ ಆರುತ್ತದೆ. ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಿರುವ ಕಾರುಗಳಿಗೂ ಇವೆರಡೂ ಸೌಲಭ್ಯ ಪೂರ್ತಿ ಲಭ್ಯ.

ಇನ್ನು ಅಂಚುಗಲ್ಲು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 103 ಎಂಬ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತ್ ರಸ್ತೆಯಿಂದ 150 ಮಿಲಿಮೀಟರಿಗಿಂತ ಎತ್ತರ ಇರಕೂಡದು, ಅಂದರೆ ಅರ್ಧ ಅಡಿ. ಅಜ್ಜಿಯೊಬ್ಬರು ಕೋಲೂರಿ ಹತ್ತಬಹುದಾದ ಎತ್ತರ. ನಮ್ಮ ಬಡಾವಣೆಯ ಫುಟ್‌ಪಾತು ಈ ಸಂಕುಚಿತ ದೃಷ್ಟಿಯನ್ನು ಎಂದೋ ಮೀರಿದೆ. ಒಂದು ಕಡೆ ಮೊಣಕಾಲೆತ್ತರ, ಹತ್ತು ಹೆಜ್ಜೆ ಮುಂದೆ ಯಾರದೋ ಗೇಟಿಗೆ ದಾರಿ ಮಾಡಲು ನೆಲಸಮ, ಅದರಾಚೆ ಮತ್ತೆ ಮೊಣಕಾಲು. ಅಜ್ಜಿ ರಸ್ತೆಯಲ್ಲಿ ನಡೆಯುತ್ತಾರೆ. ಫುಟ್‌ಪಾತಿನ ಮೇಲೆ ಸ್ಕೂಟರ್ ಹೋಗುತ್ತದೆ. ಅಂಚುಗಲ್ಲನ್ನು ನಿತ್ಯ ಮುಟ್ಟಿ ಮಾತಾಡಿಸುವವರು ಅಲಾಯ್ ವೀಲಿನವರು ಮಾತ್ರ.

ಮುಟ್ಟುವ ಅವಕಾಶವನ್ನು ಕಾರು ಕಂಪನಿಗಳೂ ವರ್ಷದಿಂದ ವರ್ಷಕ್ಕೆ ಹಿಗ್ಗಿಸುತ್ತಿವೆ. ಟೈರಿನ ಪಕ್ಕದಲ್ಲಿ 195/65 R15 ಎಂದು ಬರೆದಿದ್ದರೆ ಟೈರಿನ ಅಗಲ 195 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇಕಡಾ 65, ಅಂದರೆ ಸುಮಾರು 127. ಇದು ಹಳೆಯ ಸಂಸಾರಸ್ಥರ ಅಳತೆ; ಕಲ್ಲಿಗೆ ತಗುಲಿದರೆ ರಬ್ಬರ್ ತಾಳಿಕೊಳ್ಳುತ್ತದೆ. 225/45 R17 ಆದರೆ ಪಕ್ಕೆ 101 ಮಿಲಿಮೀಟರಿಗೆ ಇಳಿಯುತ್ತದೆ. ಲೋಹ ದೊಡ್ಡದಾಯಿತು, ರಬ್ಬರ್ ಸಣ್ಣದಾಯಿತು. ಇದಕ್ಕೆ ಶೋರೂಮಿನಲ್ಲಿ ಟಾಪ್ ಎಂಡ್ ಅನ್ನುತ್ತಾರೆ, ಹೆಚ್ಚಿನ ದುಡ್ಡೂ ತಗೊಳ್ಳುತ್ತಾರೆ.

ಈಗ ಶಾಸ್ತ್ರದ ಹೃದಯಭಾಗಕ್ಕೆ ಬರೋಣ: ಗೀರು ಓದುವುದು. ಸ್ಟಿಯರಿಂಗ್ ಬಲಕ್ಕೆ, ಕಲ್ಲು ಎಡಕ್ಕೆ ಇರುವ ದೇಶದಲ್ಲಿ ಬಲಗಡೆಯ ಚಕ್ರಗಳು ಕನ್ಯಾವಸ್ಥೆಯಲ್ಲೇ ಉಳಿಯುತ್ತವೆ. ಎಡ ಮುಂಚಕ್ರಕ್ಕೆ ಗಾಯವಾಗಿದ್ದರೆ ಓಡಿಸಿದವರು ಪಾರ್ಕಿಂಗ್‌ನಲ್ಲಿ ಆತುರದವರು. ಎಡ ಹಿಂಚಕ್ರಕ್ಕೆ ಆಗಿದ್ದರೆ ತಿರುವಿನಲ್ಲಿ ಆತ್ಮವಿಶ್ವಾಸ ಉಳ್ಳವರು: ಕಾರು ಎಡಕ್ಕೆ ಹೊರಳಿದಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡು ಬಿಟ್ಟು ಇನ್ನೂ ಒಳಗೆ ಬರುತ್ತದೆ, ಮುಂದಿನದು ಪಾರಾಯಿತೆಂದು ನಿಟ್ಟುಸಿರು ಬಿಡುವ ಹೊತ್ತಿಗೆ ಹಿಂದಿನದು ಹಾಜರಿ ಹಾಕಿರುತ್ತದೆ. ಗೀರಿನೊಳಗೆ ಹಳದಿ ಬಣ್ಣದ ಪುಡಿ ಕಂಡರೆ ಅದು ಮಾಲ್‌ನ ಬೇಸ್‌ಮೆಂಟಿನ ಸುರುಳಿ ರ‍್ಯಾಂಪು. ಬೂದು ಪುಡಿಯಾದರೆ ಊರ ಕಲ್ಲು. ಕೆಂಪಾದರೆ ಗಾಬರಿ ಬೇಡ, ಆಯುಧ ಪೂಜೆಯ ಕುಂಕುಮ.

ಎಲ್ಲಕ್ಕಿಂತ ಮುಖ್ಯ, ಗೀರಿನ ಉದ್ದ. 205/55 R16 ಚಕ್ರ ಒಂದು ಸುತ್ತು ಉರುಳಿದರೆ ಕಾರು ಸುಮಾರು 2 ಮೀಟರ್ ಮುಂದೆ ಹೋಗಿರುತ್ತದೆ. ಗಾಯ ರಿಮ್ಮಿನ ಕಾಲುಭಾಗಕ್ಕಿದ್ದರೆ, ಕರಕರ ಸದ್ದು ಕೇಳಿ ಅರ್ಧ ಮೀಟರಿನಲ್ಲಿ ಬ್ರೇಕ್ ಹಾಕಿದವರು. ಇಂಥವರಿಗೆ ಹೆಣ್ಣು ಕೊಡಬಹುದು. ಅರ್ಧ ಸುತ್ತಿದ್ದರೆ ಫೋನಿನಲ್ಲಿದ್ದವರು. ಪೂರ್ತಿ ಸುತ್ತು ಒಂದೇ ಸಮ ತರಚಿದ್ದರೆ ಸದ್ದು ಕೇಳಿಯೂ ‘ಬೇರೆ ಯಾರದೋ ಕಾರು’ ಎಂದುಕೊಂಡು ಎರಡು ಮೀಟರ್ ಸಾಗಿದವರು. ಇವರು ಸಾಮಾನ್ಯವಾಗಿ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರಾಗಿರುತ್ತಾರೆ.

ಈ ಜ್ಞಾನದ ನಿಜವಾದ ಬೆಲೆ ತಿಳಿಯುವುದು ಮನೆಯಲ್ಲಿ.

“ಏನ್ರೀ ಇದು, ಚಕ್ರ ಹಿಂಗೆ ಕೆರ್ಕೊಂಡಿದೆ?”

“ನಾನಲ್ವೇ. ಆಫೀಸ್ ಹತ್ರ ನಿಲ್ಸಿದ್ದೆ, ಯಾರೋ ಉಜ್ಕೊಂಡ್ ಹೋಗಿದಾರೆ.”

ನಿಂತ ಕಾರಿನ ಚಕ್ರ ಉರುಳುವುದಿಲ್ಲ. ಯಾರೋ ಉಜ್ಜಿದ್ದರೆ ಗೀರು ಒಂದೇ ಕಡೆ ನೆಟ್ಟಗೆ ಎಳೆದಂತೆ ಇರಬೇಕು. ರಿಮ್ಮಿನ ಅಂಚನ್ನು ಹಿಡಿದುಕೊಂಡು ದುಂಡಗೆ ಪ್ರದಕ್ಷಿಣೆ ಹಾಕಬೇಕಾದರೆ ಕಾರು ಚಲಿಸುತ್ತಿರಲೇಬೇಕು. ಈ ಒಂದು ಅಂಶವನ್ನು ಕುಟುಂಬಗಳಿಗೆ ತಿಳಿಸಬೇಕೇ ಬೇಡವೇ ಎಂಬ ನೈತಿಕ ಪ್ರಶ್ನೆ ಎದುರಾದಾಗಲೆಲ್ಲ ನಾನು ಫೀಸು ಯಾರು ಕೊಡುತ್ತಾರೆಂದು ನೋಡಿಕೊಂಡು ತೀರ್ಮಾನಿಸಿದ್ದೇನೆ.

ಚಿಕಿತ್ಸೆಯಲ್ಲಿ ಮೊದಲನೆಯದು ಗಾಯದ ಕಡೆಯನ್ನು ಗೋಡೆಗೆ ಮಾಡಿ ನಿಲ್ಲಿಸುವುದು. ಖರ್ಚಿಲ್ಲ, ಅಡ್ಡಪರಿಣಾಮವಿಲ್ಲ, ಬಹಳ ಮಂದಿ ಇದರಲ್ಲೇ ವರ್ಷಗಟ್ಟಲೆ ನೆಮ್ಮದಿಯಾಗಿದ್ದಾರೆ. ಎರಡನೆಯದು ಇನ್ಶೂರೆನ್ಸ್. 1500 ಸಿಸಿ ತನಕದ ಕಾರಿಗೆ ಕ್ಲೇಮಿನ ಮೊದಲ 1000 ರೂಪಾಯಿ ಕಡ್ಡಾಯವಾಗಿ ನಿಮ್ಮದೇ. ಐದು ವರ್ಷ ಕ್ಲೇಮ್ ಮಾಡದೆ ಸಂಪಾದಿಸಿದ ಶೇಕಡಾ 50ರ ಬೋನಸ್ಸೂ ಒಂದು ತರಚು ಗಾಯಕ್ಕೆ ಹೋಗುತ್ತದೆ. ಈ ಲೆಕ್ಕ ಗೊತ್ತಿದ್ದೂ ಕ್ಲೇಮ್ ಹಾಕುವವರಿದ್ದಾರೆ. ದುಡ್ಡು ಕಟ್ಟಿದ್ದೇವಲ್ಲ ಎಂಬುದು ಅವರ ವಾದ, ಅದಕ್ಕೆ ಉತ್ತರ ಅರ್ಥಶಾಸ್ತ್ರದಲ್ಲಿಲ್ಲ.

ಮೂರನೆಯದು ಅಂಗಡಿ. ಮಾಮೂಲಿ ಬಣ್ಣದ ರಿಮ್ಮಾದರೆ ಕೆಲಸ ಸಲೀಸು: ಉಜ್ಜಿ, ಪುಟ್ಟಿ ತುಂಬಿ, ಮತ್ತೆ ಉಜ್ಜಿ, ಪ್ರೈಮರ್, ಬಣ್ಣ, ಮೇಲೊಂದು ಕ್ಲಿಯರ್ ಕೋಟ್. ಡೈಮಂಡ್ ಕಟ್ ಎಂಬ ಥಳಥಳ ರಿಮ್ಮಿನ ಕತೆ ಬೇರೆ. ಅದರ ಹೊಳಪು ಬಣ್ಣದ್ದಲ್ಲ, ಲೇತಿನಲ್ಲಿ ಹೊರಮೈ ಕೆತ್ತಿ ಬರಿಯ ಲೋಹವನ್ನೇ ತೋರಿಸಿ ಮೇಲೆ ಲ್ಯಾಕರ್ ಬಳಿದಿರುತ್ತಾರೆ. ಕಲ್ಲು ತಾಗಿ ಲ್ಯಾಕರ್ ಸೀಳಿತೋ, ಒಳಗೆ ನೀರಿಳಿದು ಬಿಳಿ ಎಳೆಗಳು ಹರಡತೊಡಗುತ್ತವೆ. ರಿಪೇರಿಯೆಂದರೆ ಮತ್ತೆ ಲೇತಿಗೇರಿಸಿ ಇನ್ನೊಂದು ಪದರ ಕೆತ್ತುವುದು. ಕೆತ್ತಿದಷ್ಟೂ ಲೋಹ ಕಮ್ಮಿಯಾಗುವುದರಿಂದ ಒಂದೆರಡು ಬಾರಿಯ ಮೇಲೆ ಕೆತ್ತಲು ಏನೂ ಉಳಿದಿರುವುದಿಲ್ಲ. ಬಾಗಿದ ರಿಮ್ಮನ್ನು ಗ್ಯಾಸಿನಲ್ಲಿ ಕಾಯಿಸಿ ಸುತ್ತಿಗೆಯಿಂದ ನೇರ ಮಾಡಿಕೊಡುವವರೂ ಇದ್ದಾರೆ. ಎರಕದ ಲೋಹಕ್ಕೆ ಬಲ ಬಂದಿರುವುದೇ ಕಾರ್ಖಾನೆಯಲ್ಲಿ ಅಳತೆಯಿಟ್ಟು ಕೊಟ್ಟ ಶಾಖದಿಂದ. ಅಳತೆಯಿಲ್ಲದೆ ಮತ್ತೆ ಕಾಯಿಸಿದರೆ ಆ ಬಲ ಹೋಗುತ್ತದೆ. ಆದರೆ ರಿಮ್ಮು ದುಂಡಗಿರುತ್ತದೆ, ಗಿರಾಕಿ ಕೇಳಿದ್ದೂ ಅಷ್ಟೇ.

ಮೊನ್ನೆ ಜೆ.ಸಿ. ರಸ್ತೆಯ ಆಸುಪಾಸಿನ ಅಂಗಡಿಯೊಂದಕ್ಕೆ ಕ್ಷೇತ್ರಕಾರ್ಯಕ್ಕೆಂದು ಹೋಗಿದ್ದೆ. ಹುಡುಗ ಚಕ್ರ ಬಿಚ್ಚಿ ಮಲಗಿಸಿ, ಗಾಯಕ್ಕೆ ತುಂಬಿದ ಪುಟ್ಟಿಯನ್ನು ನೀರು ಮುಟ್ಟಿಸಿ ಮುಟ್ಟಿಸಿ ಉಜ್ಜುತ್ತಿದ್ದ. ಮೊದಲು 240ರ ಕಾಗದ, ಆಮೇಲೆ 400, ಆಮೇಲೆ 800. ನಡುನಡುವೆ ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿ ನೋಡುತ್ತಿದ್ದ; ಕಣ್ಣಿಗೆ ಕಾಣದ ಏರು ಬೆರಳಿಗೆ ಸಿಗುತ್ತದಂತೆ. ಆಮೇಲೆ ಟೈರಿಗೆ ಬಣ್ಣ ತಾಗದಿರಲೆಂದು ಸವೆದ ಇಸ್ಪೀಟ್ ಎಲೆಗಳನ್ನು ರಿಮ್ಮಿಗೂ ರಬ್ಬರಿಗೂ ನಡುವೆ ಸುತ್ತಲೂ ಸಿಕ್ಕಿಸಿದ. ಇಸ್ಪೀಟು ರಾಜ, ಆಟೀನು ರಾಣಿ, ಪಕ್ಕದಲ್ಲಿ ಎಕ್ಕ. ನನ್ನ ಇಡೀ ಶಾಸ್ತ್ರದಲ್ಲಿ ಇಲ್ಲದ ಒಂದು ಅಂಶ ಆ ಹುಡುಗನ ಹೆಬ್ಬೆರಳಲ್ಲಿತ್ತು, ಅದನ್ನು ಮುಂದಿನ ಆವೃತ್ತಿಯಲ್ಲಿ ನನ್ನ ಹೆಸರಿನಲ್ಲಿ ಸೇರಿಸಲಾಗುವುದು.

ಕಾರಿನ ಯಜಮಾನರು ಕುರ್ಚಿಯ ತುದಿಯಲ್ಲಿ ಕೂತು ಗೀರು ಮಾಯವಾಗುವುದನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಹುಡುಗ ಚಕ್ರ ಮಗುಚಿದ. ಒಳಪಕ್ಕೆಯಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು. ಕಲ್ಲು ಹತ್ತಿ ಇಳಿದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಟೈರ್ ಸಿಕ್ಕಿ, ಒಳಗಿನ ನೂಲು ತುಂಡಾಗಿ, ಗಾಳಿ ರಬ್ಬರನ್ನು ಆಚೆ ನೂಕಿತ್ತು. ಇದಕ್ಕೆ ರಿಪೇರಿಯಿಲ್ಲ, ಟೈರೇ ಬದಲಾಗಬೇಕು.

“ಸಾರ್, ಇದು ಹೈವೇನಲ್ಲಿ ಯಾವಾಗ ಬೇಕಾದ್ರೂ ಸಿಡಿಯುತ್ತೆ.”

ಯಜಮಾನರು ಬಗ್ಗಿ ನೋಡಿದರು. “ಫಿಟ್ ಮಾಡಿದ್ಮೇಲೆ ಹೊರಗಡೆ ಕಾಣುತ್ತಾ?”

“ಇಲ್ಲ ಸಾರ್, ಒಳಗಡೆ ಇರುತ್ತೆ.”

“ಹಂಗಾದ್ರೆ ಇರ್ಲಿ ಬಿಡಪ್ಪ, ಆಮೇಲೆ ನೋಡೋಣ. ಅಲ್ಲಾ, ಸಿಲ್ವರ್ ಬದ್ಲು ಗನ್‌ಮೆಟಲ್ ಹಾಕಿದ್ರೆ ಹೆಂಗಿರುತ್ತೆ?”