ಅಮೆರಿಕದಲ್ಲಿ ಪುಸ್ತಕ ಮಾರಿದಿರಂತೆ!

ಏನ್ರೀ, ನಿಮ್ಮ ಪುಸ್ತಕ ಅಮೆರಿಕಕ್ಕೂ ಹೋಯ್ತಂತೆ? ಫೇಸ್‌ಬುಕ್ಕಲ್ಲಿ ನೋಡಿದೆ, ಹೆಸರಿನ ಕೆಳಗೆ ‘ಅಂತಾರಾಷ್ಟ್ರೀಯ ಲೇಖಕರು’ ಅಂತ ನೀವೇ ಹಾಕ್ಕೊಂಡಿದ್ದೀರಿ. (ಕೊಂಡೋರು ನ್ಯೂಜೆರ್ಸಿಲಿರೋ ನಿಮ್ಮ ಷಡ್ಡಕರು ಅನ್ನೋದನ್ನ ನಾನ್ಯಾಕೆ ಹೇಳ್ಲಿ ಬಿಡಿ.) ಸರಿ, ಟ್ಯಾಕ್ಸ್ ಏನ್ ಮಾಡಿದ್ರಿ ಅಂದ್ರೆ ಮಾತ್ರ, ಅದೇ ಬಾಯಲ್ಲಿ, “ಅಯ್ಯೋ, ಹತ್ತಾರು ಕಾಪಿ, ಅದಕ್ಕೂ ಟ್ಯಾಕ್ಸಾ?”

ನಮ್ಮ ಪುಸ್ತಕ ನಾವೇ ಪ್ರಕಟಿಸೋ ಅಮೆಜಾನ್ ತಾಣ ಕೆಡಿಪಿಲಿ ಖಾತೆ ತೆರೆದಾಗ ‘ಟ್ಯಾಕ್ಸ್ ಇಂಟರ್‌ವ್ಯೂ’ ಅಂತ ಒಂದು ಬಂತಲ್ಲ, ನೆನಪಿದ್ಯಾ? (2016ರಲ್ಲಿ ಹಿಂದಿ, ತಮಿಳಿಗೆಲ್ಲ ಕಿಂಡಲ್ ಬಾಗಿಲು ತೆರೆದಾಗ ಕನ್ನಡ ಹೊರಗೇ ಉಳೀತು. ಅದಕ್ಕೇ ಇಂಗ್ಲಿಷ್‌ಗೆ ಅನುವಾದ ಮಾಡಿಸಿದ್ರಿ, ಗೊತ್ತು.) ಕವರ್ ಪೇಜಿನ ಫಾಂಟಿಗೆ ಎರಡು ವಾರ ತಲೆ ಕೆಡಿಸ್ಕೊಂಡ ನೀವು, ಈ ಇಂಟರ್‌ವ್ಯೂನ ಕಣ್ಮುಚ್ಚಿ ‘ನೆಕ್ಸ್ಟ್, ನೆಕ್ಸ್ಟ್’ ಒತ್ತಿ ಮುಗಿಸಿದ್ರಿ. ನಿಜ ಹೇಳಿ!

ಅಲ್ಲೇ ಇರೋದು ಮಜಾ. ಅದರಲ್ಲಿ ಡಬ್ಲ್ಯೂ-8ಬೆನ್ ಅನ್ನೋ ಫಾರಂ ಇದೆ. ಅದು ಸರಿಯಾಗಿಲ್ಲದಿದ್ರೆ ಅಮೆರಿಕದ ಓದುಗರಿಂದ ಬಂದ 100 ಡಾಲರ್ ರಾಯಲ್ಟಿಲಿ 30 ಡಾಲರ್ ಅಲ್ಲೇ ಮುರ್ಕೋತಾರೆ. ನಿಮ್ಮ ಪ್ಯಾನ್ ನಂಬರ್ ಕೊಟ್ಟು ಎರಡು ದೇಶಗಳ ತೆರಿಗೆ ಒಪ್ಪಂದ ತೋರಿಸಿದ್ರೆ 15. ಆ ಒಪ್ಪಂದಕ್ಕೆ 1989ರಲ್ಲೇ ಸಹಿ ಆಗಿದೆ, ನಿಮ್ಮ ಮೊದಲ ಕವನ ಹುಟ್ಟೋಕೂ ಮುಂಚೆ ಇರಬೇಕು.

“ಅಲ್ಲಿ ಮುರಿದಾಯ್ತಲ್ಲ, ಇಲ್ಲಿ ಯಾಕೆ ತೋರಿಸ್ಲಿ?” ಅಂತೀರಾ? ಇಲ್ಲೇ ವಾಸ ಇರೋರಿಗೆ ಜಗತ್ತಿನ ಯಾವ ಮೂಲೆ ಆದಾಯವಾದ್ರೂ ಇಲ್ಲಿ ಲೆಕ್ಕಕ್ಕೆ ಬರುತ್ತೆ. ಆದ್ರೆ ಅಲ್ಲಿ ಕಟ್ಟಿದ್ದನ್ನ ಇಲ್ಲಿನ ತೆರಿಗೇಲಿ ಕಳೀಬಹುದು, ಅದಕ್ಕೆ ಬೇರೆ ಫಾರಂ ಹಾಕ್ಬೇಕು, ಎಷ್ಟು ಮುರಿದ್ರು ಅಂತ ಅಮೆಜಾನ್ ಕಳಿಸೋ 1042-ಎಸ್ ಚೀಟಿ ಜೋಪಾನ ಮಾಡ್ಬೇಕು. ನಿಮ್ಮ ಆಡಿಟರಿಗೆ ಇದೆಲ್ಲ ಗೊತ್ತು. (ಅವರಿಗೆ ಪುಸ್ತಕ ಕೊಟ್ರಿ, ಸಹಿ ಹಾಕಿ ಕೊಟ್ರಿ, ಡಾಲರ್ ಬಂದ ವಿಷ್ಯ ಮಾತ್ರ ಮರೆತ್ರಿ.)

ಇನ್ನು ಅಂಚೇಲಿ ಕಳಿಸೋ ಅಚ್ಚಿನ ಪುಸ್ತಕ. ಕಸ್ಟಮ್ಸ್ ಚೀಟಿಲಿ ‘ಗಿಫ್ಟ್’ ಅನ್ನೋ ಚೌಕದ ಮೇಲೆ ಪೆನ್ನು ತಾನಾಗೇ ಹೋಯ್ತಲ್ವಾ? ಹೋದ ವಾರವೇ ದುಡ್ಡು ಬ್ಯಾಂಕಿಗೆ ಬಂದಿತ್ತಲ್ಲ ಸ್ವಾಮಿ! ದುಡ್ಡು ತಗೊಂಡ ಮೇಲೆ ಅದೆಂಥ ಗಿಫ್ಟು?

ತಮಾಷೆ ಅಂದ್ರೆ, ಆ ಸುಳ್ಳಿಂದ ಉಳಿಯೋದು ಬಿಡಿಗಾಸು. ಅಚ್ಚಿನ ಪುಸ್ತಕಕ್ಕೆ ನಮ್ಮಲ್ಲಿ ಜಿಎಸ್‌ಟಿ ಇಲ್ಲ. ಬ್ರಿಟನ್‌ನಲ್ಲಿ ವ್ಯಾಟ್ ಸೊನ್ನೆ. ಜರ್ಮನಿಲಿ ಮಾತ್ರ 7 ಪರ್ಸೆಂಟ್ ಇದೆ, ‘22 ಯೂರೋ ಒಳಗಿದ್ರೆ ಮಾಫಿ’ ಅನ್ನೋದು ಯುರೋಪಲ್ಲಿ 2021ರ ಜುಲೈ 1ಕ್ಕೇ ಹೋಯ್ತು. ಮೊದಲೇ ಹೇಳದಿದ್ರೆ ಮ್ಯೂನಿಕ್ಕಿನ ನಿಮ್ಮ ಓದುಗ ಬಾಗಿಲಲ್ಲಿ ನಿಂತು ತೆರಿಗೆ ಕೊಟ್ಟು, ಮೇಲೆ ಅಂಚೆಯೋರ ಶುಲ್ಕಾನೂ ಕೊಟ್ಟು, ಆಮೇಲೆ ನಿಮ್ಮ ಕಾದಂಬರಿ ಓದ್ಬೇಕು. ಯಾವ ಮೂಡಲ್ಲಿ ಓದ್ತಾನೆ ಹೇಳಿ?

ವ್ಯಾಪಾರ ಅಂತ ಕಳಿಸೋದಾದ್ರೆ ವಿದೇಶಿ ವ್ಯಾಪಾರ ನೋಡ್ಕೊಳ್ಳೋ ಸರ್ಕಾರಿ ಕಚೇರಿ ಡಿಜಿಎಫ್‌ಟಿಯಿಂದ ಐಇಸಿ ಅನ್ನೋ ಆಮದು-ರಫ್ತು ನಂಬರ್ ತಗೊಳ್ಳಿ. ಆನ್‌ಲೈನಲ್ಲೇ ಸಿಗುತ್ತೆ, ಫೀಸು 500 ರೂಪಾಯಿ. (ಬಿಡುಗಡೆ ಸಮಾರಂಭದಲ್ಲಿ ಹಾರ, ಶಾಲಿಗೆ ಎಷ್ಟು ಸುರಿದ್ರಿ ಅಂತ ನಾನು ಕೇಳಲ್ಲ.)

ಇವತ್ತು ರಾತ್ರಿ ಸೇಲ್ಸ್ ರಿಪೋರ್ಟನ್ನ ಇನ್ನೊಂದ್ಸಲ ರಿಫ್ರೆಶ್ ಮಾಡ್ತೀರಲ್ಲ, ಹಾಗೇ ಆ ಟ್ಯಾಕ್ಸ್ ಪೇಜನ್ನೂ ತೆರೆದು ಪ್ಯಾನ್ ಇದ್ಯಾ ನೋಡ್ಕೊಳ್ಳಿ. ಡಬ್ಲ್ಯೂ-8ಬೆನ್ ಸಾಮಾನ್ಯವಾಗಿ ಸಹಿ ಹಾಕಿದ ವರ್ಷ ಬಿಟ್ಟು ಮೂರನೇ ವರ್ಷದ ಡಿಸೆಂಬರ್ 31ಕ್ಕೆ ಮುಗಿಯುತ್ತೆ. ನಿಮ್ಮದು ಯಾವಾಗ ಹಾಕಿದ್ದು?