ತೊಂಬತ್ತರ ಮಗ್ಗಿ

ಪರದೇಶದಲ್ಲಿ ನಮ್ಮವರನ್ನು ಗುರುತು ಹಿಡಿಯಲು ಕನ್ನಡ ಕಿವಿಗೆ ಬೀಳಬೇಕೆಂದೇನೂ ಇಲ್ಲ. ಅಂಗಡಿಯ ಮುಂದೆ ಬೆಲೆಯ ಚೀಟಿ ನೋಡಿ, ಕಣ್ಣು ಮೇಲೆ ಮಾಡಿ, ತುಟಿ ಅಲ್ಲಾಡಿಸುತ್ತ ನಿಂತಿದ್ದರೆ ಸಾಕು. ಒಳಗೆ ಗುಣಾಕಾರ ನಡೆದಿರುತ್ತದೆ. ನಾವು ವೆನಿಸ್ಸಿಗೆ ಹೋದಾಗ ಒಂದು ಯೂರೋಗೆ ತೊಂಬತ್ತು ರೂಪಾಯಿಯ ಆಸುಪಾಸು. ಹತ್ತೊಂಬತ್ತರ ಮಗ್ಗಿಗೇ ಮೇಷ್ಟ್ರ ಕೈಲಿ ಏಟು ತಿಂದಿದ್ದ ನನಗೂ ತೊಂಬತ್ತರ ಮಗ್ಗಿ ಒಂದೇ ಬೆಳಿಗ್ಗೆಗೆ ಬಾಯಿಪಾಠವಾಯಿತು. ಶೌಚಾಲಯಕ್ಕೆ ಒಂದೂವರೆ ಯೂರೋ, ಅಂದರೆ 135 ರೂಪಾಯಿ. ಅಲ್ಲಿನ ಸಿಟಿ ಬಸ್ಸೆಂದರೆ ವಪೊರೆಟ್ಟೊ ಎಂಬ ದೋಣಿ; ಅದರ ಟಿಕೆಟ್ಟು ಒಂಬತ್ತೂವರೆ, ಅಂದರೆ 855. ಗೊಂಡೋಲಾ ದೋಣಿಯ ದರವನ್ನು ಊರಿನ ಆಡಳಿತವೇ ಗೊತ್ತುಮಾಡಿ ಬೋರ್ಡು ಹಾಕಿದೆ: ಹಗಲು ಅರ್ಧ ಗಂಟೆಗೆ 90 ಯೂರೋ. ತೊಂಬತ್ತು ತೊಂಬತ್ತಲೆ ಎಂಟು ಸಾವಿರದ ನೂರು!

“ರೀ, ಇಷ್ಟು ದುಡ್ಡಿಗೆ ಕಾರು ಮಾಡ್ಕೊಂಡು ಧರ್ಮಸ್ಥಳ, ಸುಬ್ರಹ್ಮಣ್ಯ ಎರಡೂ ಮುಗಿಸ್ಕೊಂಡು ಬರಬಹುದಿತ್ತಲ್ರೀ” ಎಂದಳು ನನ್ನ ಹೆಂಡತಿ. ದಾರಿಯಲ್ಲಿ ಊಟವೂ ಪ್ರಸಾದದ್ದೇ ಆಗುತ್ತಿತ್ತು ಎಂಬುದನ್ನು ನಾನು ಸೇರಿಸಿದೆ.

ವೆನಿಸ್ ನೋಡಿ ಬಂದವರೆಲ್ಲ ಹೇಳುವುದು ಎರಡೇ ಮಾತು, ಬಹಳ ಚೆನ್ನಾಗಿದೆ ಮತ್ತು ಬಹಳ ಸುಲಿಯುತ್ತಾರೆ. ಮೊದಲನೆಯದಕ್ಕೆ ನನ್ನ ತಕರಾರಿಲ್ಲ. ಎರಡನೆಯದನ್ನು ಮಾತ್ರ ಸ್ವಲ್ಪ ನಿಧಾನಿಸಿ ಹೇಳಬೇಕೆನಿಸುತ್ತದೆ. ಇದು ನಿನ್ನೆ ಮೊನ್ನೆ ಕಲಿತ ವಿದ್ಯೆಯಲ್ಲ. ಉಳಲು ನೆಲವಿಲ್ಲದ, ನೂರಕ್ಕೂ ಹೆಚ್ಚು ನಡುಗಡ್ಡೆಗಳ ಕೆಸರಿನಲ್ಲಿ ಮರದ ಗೂಟ ಹೊಡೆದು ಅದರ ಮೇಲೆ ಅರಮನೆ ನಿಲ್ಲಿಸಿದ ಜನ ಮತ್ತೇನು ಮಾಡಬೇಕಿತ್ತು? ವ್ಯಾಪಾರ ಮಾಡಿದರು. 15ನೇ ಶತಮಾನದಲ್ಲಿ ಜೆರುಸಲೇಮಿಗೆ ಹೊರಟ ಯಾತ್ರಿಕರು ಇಲ್ಲಿಗೆ ಬಂದೇ ಹಡಗು ಹತ್ತುತ್ತಿದ್ದರು. ಹಡಗಿನ ಬಾಡಿಗೆ, ಊಟ, ಅಲ್ಲಿ ಇಳಿದ ಮೇಲೆ ಕತ್ತೆಯ ಬಾಡಿಗೆ, ಅಲ್ಲಿನ ಸುಲ್ತಾನನ ಸುಂಕ ಎಲ್ಲ ಸೇರಿ ಒಂದೇ ದರ. ನಾವು ಹೋಗಿದ್ದ ಪ್ಯಾಕೇಜಿನಲ್ಲಿ ಕತ್ತೆಯೊಂದು ಇರಲಿಲ್ಲ.

ಆ ಊರಿನ ದೇವರೂ ಹೊರಗಿನಿಂದ ತಂದ ಮಾಲು. 828ರಲ್ಲಿ ಇಬ್ಬರು ವರ್ತಕರು ಅಲೆಕ್ಸಾಂಡ್ರಿಯಾದಿಂದ ಸಂತ ಮಾರ್ಕನ ಅಸ್ಥಿಯನ್ನು ಕದ್ದು ತಂದರಂತೆ; ಅಲ್ಲಿನ ಮುಸ್ಲಿಂ ಸುಂಕದವರು ಮುಟ್ಟಬಾರದೆಂದು ಮೇಲೆ ಹಂದಿಮಾಂಸ ಹರಡಿದ್ದರಂತೆ. ಇಂಥ ಕಥೆಯನ್ನು ಬೇರೆ ಊರಿನವರಾಗಿದ್ದರೆ ಮುಚ್ಚಿಡುತ್ತಿದ್ದರು. ಇವರು ಬಣ್ಣದ ಗಾಜಿನ ಚೂರು ಕೂಡಿಸಿ ಅವನ ಹೆಸರಿನ ಬಸಿಲಿಕಾ ಚರ್ಚಿನ ಮುಖದ ಮೇಲೇ ಚಿತ್ರ ಬರೆಸಿದ್ದಾರೆ. ಬಾಗಿಲ ಮೇಲಿನ ನಾಲ್ಕು ಕಂಚಿನ ಕುದುರೆಗಳ ಕಥೆಯೂ ಅಷ್ಟೇ: 1204ರಲ್ಲಿ ಕಾನ್‌ಸ್ಟಾಂಟಿನೋಪಲ್ಲನ್ನು ಕೊಳ್ಳೆ ಹೊಡೆದಾಗ ಬಂದವು. 1797ರಲ್ಲಿ ನೆಪೋಲಿಯನ್ ಅವನ್ನು ಪ್ಯಾರಿಸ್ಸಿಗೆ ಸಾಗಿಸಿದಾಗ ಇವರಿಗಾದ ಸಂಕಟ ಅಷ್ಟಿಷ್ಟಲ್ಲ. 1815ರಲ್ಲಿ ವಾಪಸು ಬಂದವು, ವೆನಿಸ್ಸಿಗೆ ಮಾತ್ರ. ಕಾನ್‌ಸ್ಟಾಂಟಿನೋಪಲ್ಲಿನ ಮಾತನ್ನು ಯಾರೂ ಎತ್ತಲಿಲ್ಲ. ಈಗ ಹೊರಗೆ ನಿಂತಿರುವುವು ನಕಲು, ಅಸಲು ಒಳಗಿವೆ. ಒಳಗೆ ಹೋಗಲು ಟಿಕೆಟ್ಟು.

ಎದುರಿಗೇ ಗಂಟೆಗೋಪುರ. 1609ರಲ್ಲಿ ಗೆಲಿಲಿಯೋ ಊರಿನ ಹಿರಿಯರನ್ನು ಮೇಲೆ ಹತ್ತಿಸಿ ತನ್ನ ದೂರದರ್ಶಕ ತೋರಿಸಿದ್ದು ಇಲ್ಲಿ. ಸಮುದ್ರದಲ್ಲಿ ಬರುವ ಹಡಗು ಬರಿಗಣ್ಣಿಗಿಂತ ಎರಡು ಗಂಟೆ ಮೊದಲೇ ಕಾಣುತ್ತದೆಂದು ಗೊತ್ತಾದ ಕೂಡಲೇ ಅವನ ಸಂಬಳ ಸುಮಾರು ಇಮ್ಮಡಿಯಾಯಿತು. ಗುರುಗ್ರಹದ ಚಂದ್ರರನ್ನು ತೋರಿಸಿದ್ದರೆ ಅಷ್ಟು ಏರಿಸುತ್ತಿದ್ದರೋ ಇಲ್ಲವೋ! ಆ ಗೋಪುರ 1902ರ ಜುಲೈ 14ರಂದು ನಿಂತಲ್ಲೇ ಕುಸಿಯಿತು. ಸತ್ತದ್ದು ಕಾವಲುಗಾರನ ಬೆಕ್ಕು ಮಾತ್ರ ಎನ್ನುತ್ತಾರೆ. ಹಳೆಯದರ ಹಾಗೆಯೇ ಮತ್ತೆ ಕಟ್ಟಿ 1912ರಲ್ಲಿ ತೆರೆದರು. ಈಗ ಲಿಫ್ಟಿದೆ. ದರ ಹೇಳುವುದಿಲ್ಲ.

ಬಸಿಲಿಕಾದ ಮುಂದಿನ ಚೌಕದಲ್ಲಿ 1720ರಿಂದ ನಡೆಯುತ್ತಿರುವ ಫ್ಲೋರಿಯನ್ ಎಂಬ ಕಾಫಿ ಮನೆ ಇದೆ. ಹೊರಗೆ ಕುರ್ಚಿಯಲ್ಲಿ ಕೂತರೆ ಕಾಫಿಯ ಜತೆಗೆ ವಾದ್ಯದವರ ಸಂಗೀತಕ್ಕೂ ಬಿಲ್ಲು ಹಾಕುತ್ತಾರೆ. ದೂರದಲ್ಲಿ ನಿಂತು ಕೇಳಿದರೆ ಪುಕ್ಕಟೆ. ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದರೆ ದಂಡ. ನಮ್ಮ ಗುಂಪಿನ ಹಿರಿಯರೊಬ್ಬರು ನಿಂತುಕೊಂಡೇ ಚಪಾತಿ ಸುರುಳಿ ಮುಗಿಸಿ, ಸಂಗೀತಕ್ಕೆ ತಲೆಯನ್ನೂ ತೂಗಿದರು.

ಕಾಸು ಕೇಳದೆ ನಾನು ಮನಸಾರೆ ನೋಡಿದ್ದು ಬಾವಿಗಳನ್ನು. ಓಣಿ ಹಿಡಿದು ಹೋದರೆ ಅಲ್ಲಲ್ಲಿ ಸಣ್ಣ ಸಣ್ಣ ಚೌಕಗಳು. ನಡುವೆ ಕೆತ್ತನೆಯ ಕಲ್ಲಿನ ಬಾವಿಕಟ್ಟೆ, ಮೇಲೆ ಲೋಹದ ಮುಚ್ಚಳ. ಸುತ್ತ ನೀರೋ ನೀರು, ಎಲ್ಲ ಉಪ್ಪು. ಅದಕ್ಕೆ ಇವರು ಚೌಕವನ್ನೇ ಅಗೆದು, ಉಪ್ಪುನೀರು ಒಸರದಂತೆ ಗುಂಡಿಗೆ ಜೇಡಿಮಣ್ಣು ಮೆತ್ತಿ, ಮರಳು ತುಂಬಿ, ನಡುವೆ ಇಟ್ಟಿಗೆಯ ಕೊಳವೆ ಕಟ್ಟಿದರು. ಸೂರಿನ ಮಳೆನೀರು ಚಪ್ಪಡಿಗಳ ನಡುವಿನ ಕಿಂಡಿಗಳಿಂದ ಇಳಿದು, ಮರಳಲ್ಲಿ ಸೋಸಿಕೊಂಡು, ಕೊಳವೆ ಸೇರುತ್ತಿತ್ತು. 1884ರಲ್ಲಿ ಒಳನಾಡಿನಿಂದ ನಲ್ಲಿ ನೀರು ಬರುವವರೆಗೆ ಊರು ಕುಡಿದದ್ದು ಇದನ್ನೇ. ಕಟ್ಟೆಯ ಅಂಚಿಗೆ ಕೈ ಹಾಕಿದರೆ ಹಗ್ಗ ಜಗ್ಗಿ ಜಗ್ಗಿ ಕೊರೆದ ಗೀರುಗಳು ಬೆರಳಿಗೆ ಸಿಗುತ್ತವೆ, ನಮ್ಮ ಹಳ್ಳಿಯ ಬಾವಿಯ ಕಲ್ಲಿನಲ್ಲಿರುವಂತೆಯೇ. ಅಂಥ ಕಟ್ಟೆಯ ಮೇಲೆ ಒಬ್ಬ ಹುಡುಗಿ ಮೊಬೈಲು ಆನಿಸಿಟ್ಟು ತನ್ನ ಫೋಟೋ ತಾನೇ ತೆಗೆದುಕೊಳ್ಳುತ್ತಿದ್ದಳು.

ಈ ವ್ಯಾಪಾರದ ಬುದ್ಧಿಯೇ ಇವರನ್ನು ನಮ್ಮ ಕಡೆಗೂ ಕರೆತಂದದ್ದು. ವೆನಿಸ್ಸಿನ ವರ್ತಕ ನಿಕೊಲೊ ಕೊಂಟಿ 1420ರ ಸುಮಾರಿಗೆ ವಿಜಯನಗರ ನೋಡಿ, ಊರಿನ ಸುತ್ತಳತೆ ಅರವತ್ತು ಮೈಲಿ ಎಂದು ಹೇಳಿದ. ದಾರಿಯಲ್ಲಿ ಜೀವ ಉಳಿಸಿಕೊಳ್ಳಲು ಮತ ಬದಲಿಸಿದ್ದನಂತೆ. ಹಿಂದಿರುಗಿದಾಗ ಪೋಪ್ ಅದಕ್ಕೆ ಪ್ರಾಯಶ್ಚಿತ್ತವಾಗಿ, ಕಂಡದ್ದೆಲ್ಲವನ್ನೂ ತನ್ನ ಕಾರ್ಯದರ್ಶಿಗೆ ಹೇಳಿ ಬರೆಸೆಂದನಂತೆ. ಪ್ರವಾಸ ಕಥನ ಕೇಳುವವರಿಗೆ ಶಿಕ್ಷೆ ಎಂಬುದು ಗೊತ್ತಿತ್ತು. ಹೇಳುವವನಿಗೂ ಆಗಬಹುದೆಂದು ತಿಳಿದದ್ದು ಇವನ ಕಥೆಯಿಂದಲೇ. ಪಶ್ಚಿಮ ಕರಾವಳಿಯ ಮೆಣಸು ಅರಬ್ಬರ ಕೈದಾಟಿ ವೆನಿಸ್ಸಿಗೆ ಹೋಗುತ್ತಿತ್ತು, ವೆನಿಸ್ಸಿನ ಚಿನ್ನದ ನಾಣ್ಯ ನಮ್ಮ ಬಂದರುಗಳಲ್ಲಿ ಓಡುತ್ತಿತ್ತು. ಆ ಲೆಕ್ಕದಲ್ಲಿ ನಾವು ಈಗ ಕೊಟ್ಟು ಬರುವ ಯೂರೋ ಹಳೆಯ ಬಾಕಿಯ ಚುಕ್ತಾ ಇರಬೇಕು ಎಂದು ಹೆಂಡತಿಗೆ ಹೇಳಿ ನೋಡಿದೆ. ಅವಳು ಒಪ್ಪಲಿಲ್ಲ.

2024ರಿಂದ ಜನಜಂಗುಳಿಯ ಕೆಲವು ದಿನಗಳಲ್ಲಿ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಊರೊಳಗೆ ಕಾಲಿಡಲೂ ಕನಿಷ್ಠ ಐದು ಯೂರೋ ಶುಲ್ಕವಿದೆ. ನನ್ನ ಮಟ್ಟಿಗೆ ಇದು ನ್ಯಾಯವೇ. ಹಳೆಯ ಊರಿನಲ್ಲಿ ಈಗ ಉಳಿದವರು ಐವತ್ತು ಸಾವಿರಕ್ಕೂ ಕಡಿಮೆ ಜನ. ನಾವು ಬಿಟ್ಟುಬಂದ ಬಾಟಲಿ, ಪ್ಲಾಸ್ಟಿಕ್ಕುಗಳನ್ನು ಕೈಗಾಡಿಯಲ್ಲಿ ತಳ್ಳಿ, ದೋಣಿಗೆ ತುಂಬಿ ಸಾಗಿಸಬೇಕಾದವರು ಅವರು.

ಗೊಂಡೋಲಾ ಹತ್ತಲೇಬೇಕು, ಎಂಟು ಸಾವಿರ ಕೊಡಲು ಮನಸ್ಸಿಲ್ಲ ಎನ್ನುವವರಿಗೆ ಒಂದು ಗುಟ್ಟು. ದೊಡ್ಡ ಕಾಲುವೆಗೆ ಸೇತುವೆಗಳಿರುವುದು ನಾಲ್ಕೇ. ಹಾಗಾಗಿ ಕೆಲವೆಡೆ ಜನರನ್ನು ದಡದಿಂದ ದಡಕ್ಕೆ ದಾಟಿಸಲು ಟ್ರಾಗೆಟ್ಟೊ ಎಂಬ ಸೇವೆ ಇದೆ. ದೋಣಿ ಗೊಂಡೋಲಾವೇ, ಕೆಂಪು ಮಖಮಲ್ಲು ಇರುವುದಿಲ್ಲ, ಅಷ್ಟೆ. ಹುಟ್ಟು ಹಾಕಲು ಇಬ್ಬರಿರುತ್ತಾರೆ. ಊರಿನವರು ಕೂರುವುದಿಲ್ಲ, ತರಕಾರಿ ಚೀಲ ಹಿಡಿದು ನಿಂತೇ ದಾಟುತ್ತಾರೆ, ನೀವು ಕೂರಿ. ಸಾಂತಾ ಸೋಫಿಯಾದ ಕಟ್ಟೆಯಿಂದ ರಿಯಾಲ್ಟೊ ಮೀನು ಮಾರುಕಟ್ಟೆಗೆ ಎರಡು ಯೂರೋ, ನಮ್ಮ ಆಗಿನ ಲೆಕ್ಕದಲ್ಲಿ 180 ರೂಪಾಯಿ. ಚಿಲ್ಲರೆ ಕೈಯಲ್ಲಿರಲಿ.