ಸೀಮೆ ಸುತ್ತಿ ಬಂದ ರಮ್ಮು

ಲಂಡನ್ನಿನಿಂದ ಹೊರಟ ಭಾವಮೈದ ಫೋನಿನಲ್ಲಿ, "ಭಾವಾ, ಏನು ತರಲಿ?" ಅಂದ. ಹೆಂಡತಿ ಪಕ್ಕದಲ್ಲೇ ಇದ್ದಳು. "ಚಾಕೊಲೇಟು" ಅಂದೆ. ಆಮೇಲೆ ತಾರಸಿಗೆ ಹೋಗಿ ಮೆಲ್ಲಗೆ, "ಒಳ್ಳೇ ರಮ್ಮು ಒಂದು." ವಿಮಾನ ನಿಲ್ದಾಣದ ಕಸ್ಟಮ್ಸಿನವರು ತಲೆಗೆ 2 ಲೀಟರಿನವರೆಗೆ ಸುಂಕ ಕೇಳುವುದಿಲ್ಲ; ನಮ್ಮ ಮನೆಯ ಕಸ್ಟಮ್ಸಿನಲ್ಲಿ ಆ ರಿಯಾಯಿತಿ ಇಲ್ಲ.

ಎರಡು ಸ್ವೆಟರಿನಲ್ಲಿ ಸುತ್ತಿ, ಹಸುಗೂಸಿನಂತೆ ತಂದ. ಬಿಚ್ಚಿದರೆ ಅಮೃತ್‌ನವರ ಟೂ ಇಂಡೀಸ್! ಕೆರಿಬಿಯನ್ ರಮ್ಮಿಗೆ ನಮ್ಮ ಬೆಲ್ಲದ ರಮ್ಮು ಬೆರೆಸಿದ್ದು. ರುಚಿಗೆ ಎರಡು ಮಾತಿಲ್ಲ. ಆದರೆ ಅವರ ಭಟ್ಟಿ ಇರುವುದು ಕಂಬೀಪುರದಲ್ಲಿ. ನಮ್ಮ ಬಾಪೂಜಿ ನಗರದಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿ ದಾಟಿದರೆ ಆಯಿತು, ಪಾಸ್‌ಪೋರ್ಟೂ ಬೇಡ.

ನೀವು ತರಿಸುವುದಾದರೆ, ದುಡ್ಡು ಕೊಡುವ ಮುಂಚೆ ಬಾಟಲಿಯ ಹಿಂಬದಿಯ ಚೀಟಿಯನ್ನೊಮ್ಮೆ ಓದಿಸಿಬಿಡಿ.